ವಿದೇಶದ ಕಲಾಶಾಲೆಯನ್ನು ಆರಿಸಿಕೊಳ್ಳುವ ಬಗೆ: ಕೊರಿಯಾದವರ ದಾರಿ ನೋಡಿ ಮೈಸೂರಿನವರು ಕಲಿಯಬಹುದಾದದ್ದು

ಕಳೆದ ಏಪ್ರಿಲ್‌ನಲ್ಲಿ ಸರಸ್ವತಿಪುರಂನ ಒಂದು ಮನೆಯ ಊಟದ ಮೇಜಿನ ಮೇಲೆ ಮೂರು ಪ್ರವೇಶಪತ್ರಗಳನ್ನು ಹರಡಿಕೊಂಡು ನಾವು ಐದು ಜನ ಕುಳಿತಿದ್ದೆವು. ಒಂದು ಲಂಡನ್ನಿನ ಒಂದು ವರ್ಷದ ಎಂ.ಎ., ಇನ್ನೊಂದು ಅಮೆರಿಕದ ಎರಡು ವರ್ಷದ ಎಂ.ಎಫ್.ಎ. (ಲಲಿತಕಲೆಯ ಸ್ನಾತಕೋತ್ತರ ಪದವಿ), ಮೂರನೆಯದು ಜರ್ಮನಿಯ ಒಂದು ಕಲಾ ಅಕಾಡೆಮಿಯದು. ಹುಡುಗಿ ಎಂಟನೆಯ ತರಗತಿಯಿಂದ ನನ್ನ ಬಳಿ ರೇಖಾಚಿತ್ರ ಕಲಿತವಳು, ಮೈಸೂರಿನಲ್ಲೇ ಚಿತ್ರಕಲೆಯ ಪದವಿ ಮುಗಿಸಿದವಳು. ಅವಳ ತಂದೆ ಕೇಳಿದ ಮೊದಲ ಪ್ರಶ್ನೆ, ‘ಇವುಗಳಲ್ಲಿ ಯಾವುದು ದೊಡ್ಡ ಕಾಲೇಜು ಮೇಷ್ಟ್ರೇ?’ ಎಂಬುದು. ಹೆತ್ತವರು ಕೇಳಬೇಕಾದ ಪ್ರಶ್ನೆಯೇ ಅದು; ಆದರೆ ಅದಕ್ಕೆ ಉತ್ತರ ಹೇಳಿದರೂ ಆ ಮನೆಯವರಿಗೆ ಏನೂ ಉಪಯೋಗವಾಗುತ್ತಿರಲಿಲ್ಲ. ನಾನು ಆ ಸಂಜೆ ಮೂರು ಪತ್ರಗಳ ಹಿಂಬದಿಯಲ್ಲೂ ಒಂದೇ ಪ್ರಶ್ನೆಯನ್ನು ಪೆನ್ಸಿಲ್‌ನಲ್ಲಿ ಬರೆದೆ: ‘ಇಲ್ಲಿ ಇವಳ ಕೆಲಸವನ್ನು ಯಾರು, ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು ನೋಡುತ್ತಾರೆ?’ ಅದರ ಕೆಳಗೆ ಇನ್ನೊಂದು ಸಾಲು: ‘ಓದು ಮುಗಿದ ಮೇಲೆ ಸಾಲದ ಕಂತು ಕಟ್ಟಿಕೊಂಡೂ ಇವಳು ಚಿತ್ರ ಬರೆಯಲು ಸಾಧ್ಯವೇ?’ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಬಗೆಯನ್ನೇ ಇಲ್ಲಿ ವಿವರಿಸಿದ್ದೇನೆ.

ಈ ವಿಷಯದಲ್ಲಿ ದಕ್ಷಿಣ ಕೊರಿಯಾದ ವಿದ್ಯಾರ್ಥಿಗಳನ್ನು ಗಮನಿಸುವುದು ಒಳ್ಳೆಯದೆಂದು ನಾನು ನಂಬಿದ್ದೇನೆ. ಅಮೆರಿಕದ ಕಲಾಶಾಲೆಗಳ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾ ಮತ್ತು ಕೊರಿಯಾದವರ ಸಂಖ್ಯೆ ಬಹಳ ದೊಡ್ಡದು. ದಶಕಗಳಿಂದ ಅಲ್ಲಿಗೆ ಹೋಗಿ ಬಂದವರ ಅನುಭವ ಅವರ ಕುಟುಂಬಗಳಲ್ಲಿ ಸೇರಿಹೋಗಿದೆ. ಸಿಯೋಲ್‌ನಲ್ಲಿ ವಿದೇಶಿ ಕಲಾಶಾಲೆಗಳ ಪ್ರವೇಶಕ್ಕೆಂದೇ ಪೋರ್ಟ್‌ಫೋಲಿಯೊ (ಆಯ್ದ ಕೆಲಸಗಳ ಸಂಗ್ರಹ) ತಯಾರು ಮಾಡಿಸುವ ಖಾಸಗಿ ತರಗತಿಗಳಿವೆ. ಆ ತರಗತಿಗಳ ಬಲವೂ ದೌರ್ಬಲ್ಯವೂ ಒಂದೇ ಕಡೆ ಇದೆ. ಕೈ ಪಳಗುತ್ತದೆ, ಆದರೆ ಒಂದೇ ತರಗತಿಯಿಂದ ಬಂದ ಹತ್ತು ಜನರ ಕೆಲಸ ಒಂದೇ ಕೈ ಬರೆದಂತೆ ಕಾಣತೊಡಗುತ್ತದೆ. ನಮ್ಮಲ್ಲೂ ಪ್ಲಾಸ್ಟರ್ ತಲೆ, ಹೂಜಿ, ಮಡಿಕೆ ಬಿದ್ದ ಬಟ್ಟೆಯನ್ನು ನೋಡಿ ಬರೆದೂ ಬರೆದೂ ಕೈ ಕೂರಿಸಿಕೊಂಡ ಮಕ್ಕಳಿಗೆ ಇದೇ ತೊಡಕು ಎದುರಾಗುತ್ತದೆ. ಶಾಲೆಯನ್ನು ಆರಿಸುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಬ್ಬರು ಕೊರಿಯನ್ ಕಲಾವಿದರ ದಾರಿಯನ್ನು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. 1962ರಲ್ಲಿ ಸಿಯೋಲ್‌ನಲ್ಲಿ ಹುಟ್ಟಿದ ದೋ ಹೋ ಸುಹ್ ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪೌರ್ವಾತ್ಯ ಚಿತ್ರಕಲೆಯಲ್ಲಿ ಪದವಿ, ಸ್ನಾತಕೋತ್ತರ ಪದವಿ ಎರಡನ್ನೂ ಮುಗಿಸಿದ್ದರು. ಆ ಮೇಲೆ ಅಮೆರಿಕಕ್ಕೆ ಹೋಗಿ, ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಮತ್ತೆ ಮೊದಲ ಪದವಿಯನ್ನೇ ಓದಿ 1994ರಲ್ಲಿ ಮುಗಿಸಿ, 1997ರಲ್ಲಿ ಯೇಲ್‌ನಲ್ಲಿ ಶಿಲ್ಪಕಲೆಯ ಎಂ.ಎಫ್.ಎ. ಪಡೆದರು. ತಂದೆಯೇ ಹೆಸರಾಂತ ಶಾಯಿಚಿತ್ರ ಕಲಾವಿದರಾಗಿದ್ದ ಮನೆಯಿಂದ ಬಂದವರು, ಮೂವತ್ತರ ಆಸುಪಾಸಿನಲ್ಲಿ ಮತ್ತೆ ಮೊದಲನೆಯ ಮೆಟ್ಟಿಲಿನಿಂದ ಹತ್ತಲು ಒಪ್ಪಿದರು. ಇನ್ನೊಬ್ಬರು ಹೇಗ್ಯು ಯಾಂಗ್. ಸಿಯೋಲ್‌ನಲ್ಲೇ ಪದವಿ ಮುಗಿಸಿ, 1994ರಲ್ಲಿ ಜರ್ಮನಿಗೆ ಹೋಗಿ, ಫ್ರಾಂಕ್‌ಫರ್ಟ್‌ನ ಸ್ಟೇಡೆಲ್‌ಶೂಲೆಯಲ್ಲಿ ಓದಿ, ಮುಂದೆ ಅದೇ ಶಾಲೆಯಲ್ಲಿ ಪ್ರಾಧ್ಯಾಪಕಿಯಾದರು. ಇಬ್ಬರೂ ಒಂದೇ ವಿಶ್ವವಿದ್ಯಾಲಯದಿಂದ ಹೊರಟವರು. ಹೋಗಿ ಸೇರಿದ ಶಾಲೆಗಳ ಕಲಿಸುವ ಕ್ರಮ ಒಂದಕ್ಕೊಂದು ಹೋಲುವುದೇ ಇಲ್ಲ.

ನಮ್ಮವರ ದಾರಿಯೂ ಒಂದೇ ತೆರನಾಗಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಮೈಸೂರಿನಲ್ಲೂ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲೂ ಕಲಿತು, ಮೂವತ್ತೆಂಟರ ವಯಸ್ಸಿನ ಹೊತ್ತಿಗೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೆ ಹೋದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನಗಳನ್ನು ದಾಟಿ 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಎಂ.ಎ. ಮುಗಿಸಿದರು. ನಮ್ಮ ಮೈಸೂರಿನ ಎನ್.ಎಸ್. ಹರ್ಷ ಇಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ (ಕಾವಾ) ಪದವಿ, ಬರೋಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಮೈಸೂರಿಗೇ ಮರಳಿ, ಇಲ್ಲಿಂದಲೇ ಕೆಲಸ ಮಾಡುತ್ತ 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಪಡೆದರು, 2017ರಲ್ಲಿ ಟೋಕಿಯೋದ ಮೋರಿ ಕಲಾ ಸಂಗ್ರಹಾಲಯದಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡರು. ಆದ್ದರಿಂದ ಮೂರು ಪತ್ರಗಳ ಪಕ್ಕದಲ್ಲಿ ‘ಬರೋಡ ಅಥವಾ ಶಾಂತಿನಿಕೇತನ’ ಎಂಬ ನಾಲ್ಕನೆಯ ಚೀಟಿಯೊಂದನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡೇ ಹೋಲಿಕೆ ಆರಂಭಿಸಿ. ಅದರ ಮುಂದೆ ನಿಲ್ಲಲಾರದ ವಿದೇಶಿ ಶಾಲೆಗೆ ಅಷ್ಟೊಂದು ಹಣ ಸುರಿಯಬೇಕಾಗಿಲ್ಲ.

ಕಲಿಸುವ ಕ್ರಮವನ್ನು ಮೊದಲು ತಿಳಿಯಿರಿ

ಶಾಲೆಯ ಹೆಸರಿಗಿಂತ ದೇಶದ ಪದ್ಧತಿ ಹೆಚ್ಚು ಮುಖ್ಯ. ಅಮೆರಿಕದಲ್ಲಿ ಮೊದಲ ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷವನ್ನು ಬಹುತೇಕ ಶಾಲೆಗಳು ಫೌಂಡೇಶನ್ ಎಂದು ಕರೆದು ರೇಖೆ, ಬಣ್ಣ, ಮೂರು ಆಯಾಮದ ಕೆಲಸಗಳನ್ನು ಎಲ್ಲರಿಗೂ ಕಲಿಸುತ್ತವೆ, ಜೊತೆಗೆ ಇತಿಹಾಸ, ಸಾಹಿತ್ಯದಂತಹ ವಿಷಯಗಳನ್ನೂ ಓದಿಸುತ್ತವೆ. ಅಲ್ಲಿ ತರಗತಿಯ ಮುಂದೆ ಕೆಲಸವನ್ನು ಗೋಡೆಗೆ ಹಾಕಿ, ಅಧ್ಯಾಪಕರೂ ಸಹಪಾಠಿಗಳೂ ಅದರ ಬಗ್ಗೆ ಮಾತಾಡುವ ಕ್ರಿಟ್ ಎಂಬ ವಿಮರ್ಶೆ ಕಲಿಕೆಯ ತಿರುಳು. ಚಿಕಾಗೋದ ಸ್ಕೂಲ್ ಆಫ್ ದಿ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಂಕಗಳೇ ಇಲ್ಲ, ಕ್ರೆಡಿಟ್ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ. ಎಸ್ಸೆಸ್ಸೆಲ್ಸಿಯಿಂದ ಅಂಕಪಟ್ಟಿಯ ಲೆಕ್ಕದಲ್ಲೇ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರಿಗೆ ಇದು ಬಿಡುಗಡೆಯಾಗುತ್ತದೆ, ಕೆಲವರಿಗೆ ಕಾಲ ಕೆಳಗಿನ ನೆಲ ತೆಗೆದಂತಾಗುತ್ತದೆ. ನಿಮ್ಮ ಸ್ವಭಾವ ಯಾವುದು ಎಂಬುದು ನಿಮಗೇ ಗೊತ್ತಿರಬೇಕು.

ಇಂಗ್ಲೆಂಡಿನಲ್ಲಿ ಮೊದಲ ಪದವಿ ಮೂರು ವರ್ಷ, ಸ್ಕಾಟ್‌ಲೆಂಡಿನಲ್ಲಿ ನಾಲ್ಕು ವರ್ಷ. ಅನೇಕ ವಿದೇಶಿ ವಿದ್ಯಾರ್ಥಿಗಳು ಅದಕ್ಕೆ ಮುನ್ನ ಒಂದು ಫೌಂಡೇಶನ್ ವರ್ಷವನ್ನೂ ಓದುತ್ತಾರಾದ್ದರಿಂದ ‘ಮೂರು ವರ್ಷ’ ಎಂದು ಲೆಕ್ಕ ಹಾಕಿಕೊಂಡ ಮನೆಯವರು ನಾಲ್ಕಕ್ಕೆ ಸಿದ್ಧರಿರಬೇಕಾಗುತ್ತದೆ. 1837ರಲ್ಲಿ ಸ್ಥಾಪನೆಯಾದ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಮೊದಲ ಪದವಿಯೇ ಇಲ್ಲ, ಅಲ್ಲಿನ ಎಂ.ಎ. ಕೋರ್ಸುಗಳಲ್ಲಿ ಹೆಚ್ಚಿನವು ಈಗ ಒಂದು ವರ್ಷದವು. ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಲಂಡನ್ ಎಂಬುದು ಒಂದೇ ಕಾಲೇಜಲ್ಲ. ಸೆಂಟ್ರಲ್ ಸೇಂಟ್ ಮಾರ್ಟಿನ್ಸ್, ಚೆಲ್ಸಿ, ಕ್ಯಾಂಬರ್‌ವೆಲ್, ವಿಂಬಲ್ಡನ್, ಜೊತೆಗೆ ಫ್ಯಾಷನ್ ಮತ್ತು ಸಂವಹನದ ಕಾಲೇಜುಗಳು ಸೇರಿದ ಆರು ಕಾಲೇಜುಗಳ ಕೂಟ ಅದು. ಪ್ರವೇಶಪತ್ರದ ತಲೆಬರಹದಲ್ಲಿ ವಿಶ್ವವಿದ್ಯಾಲಯದ ಹೆಸರು ದಪ್ಪಗಿದ್ದರೂ, ನೀವು ದಿನಾ ಹೋಗಿ ಕೂರುವ ಕಟ್ಟಡ ಯಾವುದು ಎಂಬುದನ್ನು ಪತ್ರದ ಒಳಗೆ ಹುಡುಕಿ ಓದಿ. ಬ್ರಿಟನ್ನಿನ ಪದ್ಧತಿಯಲ್ಲಿ ನಿಮ್ಮ ಕೆಲಸವನ್ನು ನೀವೇ ರೂಪಿಸಿಕೊಳ್ಳಬೇಕು. ಅಧ್ಯಾಪಕರು ನಿಗದಿತ ಸಮಯಕ್ಕೆ ಬಂದು ಮಾತಾಡಿಸುತ್ತಾರೆ, ಉಳಿದ ದಿನಗಳು ನಿಮ್ಮವು. ಒಂದೇ ವರ್ಷದ ಎಂ.ಎ.ಯಲ್ಲಿ ಊರಿಗೆ ಹೊಂದಿಕೊಳ್ಳುವಷ್ಟರಲ್ಲಿ ಮೊದಲ ಟರ್ಮ್ ಕಳೆದಿರುತ್ತದೆ. ತನ್ನ ಕೆಲಸ ಯಾವ ದಿಕ್ಕಿಗೆ ಹೋಗಬೇಕೆಂದು ಈಗಾಗಲೇ ಗೊತ್ತಿರುವವರಿಗೆ ಮಾತ್ರ ಒಂದು ವರ್ಷದ ಓದನ್ನು ನಾನು ಸಲಹೆ ಮಾಡುತ್ತೇನೆ.

ಜರ್ಮನಿಯ ಅಕಾಡೆಮಿಗಳದ್ದು ಗುರುಕುಲವನ್ನು ನೆನಪಿಸುವ ಕ್ರಮ. ನೀವು ಒಬ್ಬ ಪ್ರಾಧ್ಯಾಪಕರ ‘ಕ್ಲಾಸ್’ಗೆ ಸೇರುತ್ತೀರಿ, ಮೊದಲ ವರ್ಷದವರೂ ಕೊನೆಯ ವರ್ಷದವರೂ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಓದು ಮುಗಿಸಿದ ಮೇಲೂ ಪ್ರಾಧ್ಯಾಪಕರು ಒಪ್ಪಿದರೆ ಮೈಸ್ಟರ್‌ಶೂಲರ್ ಎಂಬ ಗೌರವದ ಹಂತವಿದೆ. ಡ್ಯುಸೆಲ್‌ಡಾರ್ಫ್ ಅಕಾಡೆಮಿಯಲ್ಲಿ ಹೆಸರಾಂತ ಜರ್ಮನ್ ಕಲಾವಿದ ಯೋಸೆಫ್ ಬಾಯ್ಸ್ ಕಲಿಸಿದ್ದರು. ಕೊರಿಯಾದಲ್ಲಿ ಹುಟ್ಟಿದ ವಿಡಿಯೊ ಕಲೆಯ ಆದಿಪುರುಷ ನಾಮ್ ಜೂನ್ ಪೈಕ್ ಕೂಡ 1979ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಇಂತಹ ಶಾಲೆಯನ್ನು ಆರಿಸುವುದೆಂದರೆ ಒಬ್ಬ ಗುರುವನ್ನು ಆರಿಸುವುದೆಂದೇ ಅರ್ಥ. ಆದ್ದರಿಂದ ಆ ಪ್ರಾಧ್ಯಾಪಕರ ಕೆಲಸ ಎಂತಹದು, ಅವರ ಹಿಂದಿನ ವಿದ್ಯಾರ್ಥಿಗಳ ಕೆಲಸ ಗುರುವಿನ ಕೆಲಸದಂತೆಯೇ ಇದೆಯೋ ಅಥವಾ ಒಬ್ಬೊಬ್ಬರದು ಒಂದೊಂದು ದಾರಿಯೋ, ಅವರು ನಿವೃತ್ತಿಯ ಅಂಚಿನಲ್ಲಿದ್ದಾರೆಯೋ ಎಂಬುದನ್ನೆಲ್ಲ ನೋಡಬೇಕು. ಬಹಳಷ್ಟು ಅಕಾಡೆಮಿಗಳಲ್ಲಿ ಜರ್ಮನ್ ಭಾಷೆ ಬೇಕೇ ಬೇಕು. ಕ್ರಿಟ್‌ನಲ್ಲಿ ನಿಮ್ಮ ಚಿತ್ರದ ಬಗ್ಗೆ ಆಡಿದ ಮಾತಿನ ಅರ್ಧ ನಿಮಗೆ ತಿಳಿಯದಿದ್ದರೆ ಶುಲ್ಕವಿಲ್ಲದ ಓದೂ ದುಬಾರಿಯೇ. ಫ್ರಾನ್ಸ್‌ನ ರಾಷ್ಟ್ರೀಯ ಕಲಾಶಾಲೆಗಳಲ್ಲೂ ಅಟೆಲಿಯೆ ಎಂಬ ಇದೇ ಬಗೆಯ ಕಾರ್ಯಾಗಾರ ಪದ್ಧತಿ ಇದೆ; ಅಲ್ಲಿ ಮೂರು ವರ್ಷಕ್ಕೆ ಒಂದು ಪದವಿ, ಐದು ವರ್ಷಕ್ಕೆ ಇನ್ನೊಂದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೈಸೂರು ಸಂಪ್ರದಾಯ ಶೈಲಿಯಲ್ಲಿ, ಅಂದರೆ ಗೆಸ್ಸೊ ಉಬ್ಬು ಕೆಲಸ, ಚಿನ್ನದ ರೇಕು, ಸಣ್ಣ ಕುಂಚದ ರೇಖೆಗಳಲ್ಲಿ ಪಳಗಿದ ವಿದ್ಯಾರ್ಥಿಗಳು ಲಂಡನ್ ಮತ್ತು ನ್ಯೂಯಾರ್ಕ್‌ಗಳನ್ನಷ್ಟೇ ನೋಡುತ್ತಾರೆ. ಅವರು ಪೂರ್ವಕ್ಕೂ ಒಮ್ಮೆ ಕಣ್ಣು ಹಾಯಿಸಬೇಕೆಂಬುದು ನನ್ನ ಅಭಿಪ್ರಾಯ. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೂ ಹೊಂಗಿಕ್ ವಿಶ್ವವಿದ್ಯಾಲಯದಲ್ಲೂ ಪೌರ್ವಾತ್ಯ ಚಿತ್ರಕಲೆಗೆಂದೇ ವಿಭಾಗಗಳಿವೆ. ಖನಿಜದ ಬಣ್ಣವನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲೆಸಿ ರೇಷ್ಮೆಯ ಮೇಲೋ, ಹಂಜಿ ಎಂಬ ಅವರ ಕೈಕಾಗದದ ಮೇಲೋ ಹಂತ ಹಂತವಾಗಿ ಹಚ್ಚುವ ಆ ಪದ್ಧತಿ ನಮ್ಮ ಕೈಗೆ ಅಪರಿಚಿತವೇನಲ್ಲ. ಜಗನ್ಮೋಹನ ಅರಮನೆಯ ಚಿತ್ರಗಳ ಮುಂದೆ ನಿಂತು ಬಣ್ಣ ಹೇಗೆ ಕೂತಿದೆ ಎಂದು ನೋಡಿ ಬೆಳೆದ ಹುಡುಗನಿಗೆ ಅಲ್ಲಿನ ಸ್ಟುಡಿಯೊದ ಅಂಟಿನ ವಾಸನೆಯೇ ಪರಿಚಿತವೆನಿಸೀತು. ಟೋಕಿಯೋ ಕಲಾ ವಿಶ್ವವಿದ್ಯಾಲಯದ ನಿಹೊಂಗ (ಜಪಾನಿನ ಸಾಂಪ್ರದಾಯಿಕ ಚಿತ್ರಕಲೆ) ವಿಭಾಗಕ್ಕೂ ಇದೇ ಮಾತು ಸಲ್ಲುತ್ತದೆ. ಲಂಡನ್ನಿಗೇ ಹೋಗಬೇಕೆನ್ನುವ ಸಾಂಪ್ರದಾಯಿಕ ಚಿತ್ರಕಾರರು ಅಲ್ಲಿನ ರಾಜರ ಪ್ರತಿಷ್ಠಾನ ನಡೆಸುವ ಸಾಂಪ್ರದಾಯಿಕ ಕಲೆಗಳ ಶಾಲೆಯನ್ನು ತಪ್ಪದೆ ನೋಡಬೇಕು.

ಕೊರಿಯಾಕ್ಕೆ ಹೋಗುವುದಾದರೆ ಅಲ್ಲಿನ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಷಿಪ್ ಬಹಳ ಉಪಯುಕ್ತ. ಪ್ರಯಾಣ, ಶುಲ್ಕ, ತಿಂಗಳ ವೆಚ್ಚ ಎಲ್ಲವನ್ನೂ ಅದು ಭರಿಸುತ್ತದೆ. ಮೊದಲ ಪದವಿಗೆ 25 ವರ್ಷದ ಒಳಗಿನವರು, ಸ್ನಾತಕೋತ್ತರಕ್ಕೆ 40ರ ಒಳಗಿನವರು ಅರ್ಜಿ ಹಾಕಬಹುದು. ರಾಯಭಾರ ಕಚೇರಿಯ ಮೂಲಕವೋ ನೇರವಾಗಿ ವಿಶ್ವವಿದ್ಯಾಲಯದ ಮೂಲಕವೋ ಅರ್ಜಿ ಸಲ್ಲಿಸುವ ಎರಡು ದಾರಿಗಳಿವೆ. ಆರಂಭದಲ್ಲಿ ಒಂದು ವರ್ಷ ಕೊರಿಯನ್ ಭಾಷೆ ಕಲಿಸಿ, ಟಾಪಿಕ್ ಎಂಬ ಪರೀಕ್ಷೆಯ ಮೂರನೆಯ ಹಂತ ದಾಟಿದ ಮೇಲೆ ಮುಖ್ಯ ಓದು ಶುರುವಾಗುತ್ತದೆ. ಆ ಒಂದು ವರ್ಷವನ್ನು ನಷ್ಟವೆಂದು ಯಾರೂ ಎಣಿಸಬಾರದು.

ಶಾಲೆಯ ಒಳಗನ್ನು ಕಾಣುವ ಬಗೆ

ಜಾಲತಾಣದ ಚಿತ್ರಗಳಲ್ಲಿ ಎಲ್ಲ ಸ್ಟುಡಿಯೊಗಳೂ ಬೆಳಕು ತುಂಬಿ ವಿಶಾಲವಾಗಿಯೇ ಇರುತ್ತವೆ. ಅಲ್ಲಿ ಈಗ ಓದುತ್ತಿರುವ ಇಬ್ಬರನ್ನಾದರೂ ಹುಡುಕಿ ಮಾತಾಡಿ. ಒಬ್ಬರು ಭಾರತದವರಾಗಿದ್ದರೆ ಇನ್ನೊಬ್ಬರು ಬೇರೆ ದೇಶದವರಾಗಿರಲಿ. ‘ಕಾಲೇಜು ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ಸಿಗುತ್ತದೆ. ನಿಮಗೆ ಸ್ವಂತ ಗೋಡೆ ಎಷ್ಟು ಅಡಿ ಇದೆ, ರಾತ್ರಿ ಎಷ್ಟು ಗಂಟೆಯವರೆಗೆ ಸ್ಟುಡಿಯೊ ತೆರೆದಿರುತ್ತದೆ, ಭಾನುವಾರ ಒಳಗೆ ಬಿಡುತ್ತಾರೆಯೇ, ಲಿಥೊಗ್ರಫಿಯ (ಕಲ್ಲಚ್ಚಿನ) ಪ್ರೆಸ್ ಬಳಸಲು ಎಷ್ಟು ವಾರ ಮುಂಚೆ ಹೆಸರು ಬರೆಸಬೇಕು, ಕುಂಚ ತೊಳೆಯುವ ಸಿಂಕ್ ಎಷ್ಟು ದೂರ, ಕಳೆದ ತಿಂಗಳು ನಿಮ್ಮ ಅಧ್ಯಾಪಕರು ನಿಮ್ಮ ಕೆಲಸದ ಮುಂದೆ ಒಟ್ಟು ಎಷ್ಟು ಹೊತ್ತು ನಿಂತಿದ್ದರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ. ಸರಸ್ವತಿಪುರಂನ ಹುಡುಗಿಗೆ ಒಂದು ಶಾಲೆಯಿಂದ ಬಂದ ಉತ್ತರ ‘ಇಪ್ಪತ್ತು ನಿಮಿಷ’ ಎಂದಿತ್ತು. ಇನ್ನೊಂದು ಶಾಲೆಯ ವಿದ್ಯಾರ್ಥಿ ‘ವಾರಕ್ಕೊಮ್ಮೆ ಒಂದು ಗಂಟೆ, ಜೊತೆಗೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಮಾತು’ ಎಂದು ಬರೆದಿದ್ದ.

ಜಾಲತಾಣದಲ್ಲಿ ಅಧ್ಯಾಪಕರ ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳು ನಿಮ್ಮ ವರ್ಷಕ್ಕೆ ಕಲಿಸುತ್ತಾರೆಯೇ, ರಜೆಯಲ್ಲಿದ್ದಾರೆಯೇ, ವರ್ಷಕ್ಕೊಂದು ಉಪನ್ಯಾಸಕ್ಕಷ್ಟೇ ಬರುತ್ತಾರೆಯೇ ಎಂಬುದನ್ನು ವಿಭಾಗಕ್ಕೇ ಮೇಲ್ ಬರೆದು ಕೇಳಿ. ಪದವಿ ಪ್ರದರ್ಶನದ ಚಿತ್ರಗಳನ್ನು ಕನಿಷ್ಠ ಮೂರು ವರ್ಷದ್ದಾದರೂ ನೋಡಿ. ಶಾಲೆಯ ಆರ್ಥಿಕ ಸ್ಥಿತಿಯನ್ನೂ ಕಡೆಗಣಿಸಬೇಡಿ: 1871ರಲ್ಲಿ ಆರಂಭವಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಬಾಗಿಲು ಮುಚ್ಚಿತು, ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಜೂನ್‌ನಲ್ಲಿ ಒಂದೇ ವಾರದ ಸೂಚನೆ ಕೊಟ್ಟು ಮುಚ್ಚಿಹೋಯಿತು. ಸೂಟ್‌ಕೇಸ್ ಕಟ್ಟಿಟ್ಟ ವಿದೇಶಿ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಆಘಾತವಿಲ್ಲ. ಶಾಲೆ ಹೊಸ ವಿಭಾಗಗಳನ್ನು ತೆರೆಯುತ್ತಿದೆಯೋ, ಇದ್ದವನ್ನು ಒಂದರೊಳಗೊಂದು ಸೇರಿಸುತ್ತಿದೆಯೋ ಎಂಬುದನ್ನು ಕಳೆದೆರಡು ವರ್ಷಗಳ ಸುದ್ದಿಯಲ್ಲಿ ಹುಡುಕಿದರೆ ಸುಳಿವು ಸಿಗುತ್ತದೆ.

ಶಾಲೆ ಪೋರ್ಟ್‌ಫೋಲಿಯೊದಲ್ಲಿ ಏನನ್ನು ಕೇಳುತ್ತದೆ ಎಂಬುದೂ ಅದರ ಮನಸ್ಸನ್ನು ತಿಳಿಸುತ್ತದೆ. ರೋಡ್ ಐಲೆಂಡ್ ಶಾಲೆಯು ಮೊದಲ ಪದವಿಗೆ 12ರಿಂದ 20 ಕೆಲಸಗಳನ್ನು ಕೇಳಿ, ಜೊತೆಗೆ ತಾನೇ ಒಂದು ವಿಷಯ ಕೊಟ್ಟು ಅದಕ್ಕೆ ಸ್ಪಂದಿಸಲು ಹೇಳುತ್ತದೆ. ಕೈಚಳಕದ ಜೊತೆಗೆ ಯೋಚನೆಯ ಹಾದಿಯೂ ಅವರಿಗೆ ಬೇಕು. ಸ್ಕೆಚ್‌ಬುಕ್ಕಿನ ಪುಟಗಳನ್ನು, ಅರ್ಧಕ್ಕೆ ನಿಂತ ಪ್ರಯತ್ನಗಳನ್ನು ಕೇಳುವ ಶಾಲೆಯಲ್ಲಿ ತಪ್ಪು ಮಾಡಲು ಜಾಗವಿರುತ್ತದೆಂದು ನನ್ನ ಅನುಭವ.

ಚಿತ್ರಗಳ ಫೋಟೊ ತೆಗೆಯುವುದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮೈಸೂರು ಶೈಲಿಯ ಕೆಲಸ ಈ ಹಂತದಲ್ಲೇ ಸೋಲುತ್ತದೆ. ಮೊಬೈಲ್‌ನ ಫ್ಲ್ಯಾಶ್ ಹಾಕಿ ಎದುರಿನಿಂದ ತೆಗೆದರೆ ಚಿನ್ನದ ರೇಕು ಬಿಳಿಯ ಕಲೆಯಾಗಿ ಉರಿದುಹೋಗುತ್ತದೆ, ಗೆಸ್ಸೊದ ಉಬ್ಬು ಚಪ್ಪಟೆಯಾಗುತ್ತದೆ, ನೋಡುವವರಿಗೆ ಅದು ಅಚ್ಚು ಹಾಕಿದ ಕ್ಯಾಲೆಂಡರ್ ಚಿತ್ರದಂತೆ ಕಾಣುತ್ತದೆ. ಬೆಳಗ್ಗೆ ಏಳೂವರೆಯ ಹೊತ್ತಿಗೆ, ಬಿಸಿಲು ನೇರವಾಗಿ ಬೀಳದ ತಾರಸಿಯ ಗೋಡೆಗೆ ಚಿತ್ರವನ್ನು ಒರಗಿಸಿ, ಎಡಗಡೆಯಿಂದ ಬೆಳಕು ಓರೆಯಾಗಿ ಬರುವಂತೆ ತಿರುಗಿಸಿ, ಬಲಗಡೆ ಒಂದು ಬಿಳಿಯ ಪಂಚೆಯನ್ನು ಎತ್ತಿ ಹಿಡಿಯಿರಿ. ಆಗ ಸರಸ್ವತಿಯ ಕಿರೀಟದ ಒಂದೊಂದು ಚುಕ್ಕೆಗೂ ಅಕ್ಕಿಕಾಳಿನಷ್ಟು ನೆರಳು ಬೀಳುತ್ತದೆ. ಆ ನೆರಳೇ ನಿಮ್ಮ ಕೈಕೆಲಸದ ಪುರಾವೆ. ಪೂರ್ತಿ ಚಿತ್ರದ ಒಂದು ಫೋಟೊ, ಅಂಗೈಯಗಲದ ವಿವರದ ಇನ್ನೊಂದು ಫೋಟೊ ಎರಡನ್ನೂ ಕಳುಹಿಸಿ.

ಹಣದ ಲೆಕ್ಕ

ಕಲಾ ಓದಿಗೆ ಮಾಡಿದ ಸಾಲವನ್ನು ಎಂಜಿನಿಯರಿಂಗ್ ಓದಿನ ಸಾಲದಂತೆ ಎಣಿಸಬೇಡಿ. ಲೆಕ್ಕಕ್ಕೆ 40 ಲಕ್ಷ ರೂಪಾಯಿಯನ್ನು ಶೇಕಡ 10ರ ಬಡ್ಡಿಗೆ, ಹತ್ತು ವರ್ಷದ ಅವಧಿಗೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 52,860 ರೂಪಾಯಿಯಾಗುತ್ತದೆ; ಒಟ್ಟು ಕಟ್ಟುವುದು 63 ಲಕ್ಷ ದಾಟುತ್ತದೆ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ಪ್ರದರ್ಶನ ಸಿಗುವವರೆಗೆ, ಚಿತ್ರ ಮಾರಾಟವಾಗುವವರೆಗೆ ಈ ಕಂತನ್ನು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಗೆ ಮನೆಯಲ್ಲಿ ಹೆಸರು ಹಿಡಿದು ಉತ್ತರ ಕೊಡುವವರಿರಬೇಕು. ಸಾಲದ ಭಾರಕ್ಕೆ ಕುಂಚವನ್ನೇ ಕೆಳಗಿಟ್ಟು ಬೇರೆ ಕೆಲಸಕ್ಕೆ ಸೇರಿದ ಇಬ್ಬರು ಪ್ರತಿಭಾವಂತರನ್ನು ನಾನು ಕಂಡಿದ್ದೇನೆ, ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಂಡ್ಯ ಕಡೆಯ ಕುಟುಂಬಗಳಿಗೆ ಇನ್ನೊಂದು ಎಚ್ಚರಿಕೆ. ಮದ್ದೂರಿನ ಒಬ್ಬ ಹುಡುಗನ ಮನೆಯವರು ನಾಲೆಯ ಬಯಲಿನ ಎರಡೂವರೆ ಎಕರೆ ಕಬ್ಬಿನ ಗದ್ದೆಯಿದೆ, ಅದನ್ನೇ ಆಧಾರ ಕೊಡುತ್ತೇವೆ ಎಂಬ ಧೈರ್ಯದಲ್ಲಿ ಕೊನೆಯ ತಿಂಗಳವರೆಗೆ ಕಾದರು. ಸಾಲ ವಸೂಲಿಗಾಗಿ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ಹೊಲಗದ್ದೆಯನ್ನು ಅಡಮಾನವಾಗಿ ಒಪ್ಪಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಆ ಕುಟುಂಬ ಕೊನೆಗೆ ಸಂಬಂಧಿಕರ ಊರೊಳಗಿನ ಮನೆಯ ಪತ್ರ ಕೊಡಿಸಬೇಕಾಯಿತು. ಈ ವಿಚಾರಣೆಯನ್ನು ಅರ್ಜಿ ಹಾಕುವ ಮೊದಲೇ, ಅಕ್ಟೋಬರ್‌ನಲ್ಲೇ ಮುಗಿಸಿಕೊಳ್ಳಿ.

ದೇಶಗಳ ಲೆಕ್ಕ ಬೇರೆಬೇರೆ. ಜರ್ಮನಿಯ ಸರ್ಕಾರಿ ಅಕಾಡೆಮಿಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೊ ಕಟ್ಟಬೇಕು. ಆದರೆ ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೊ ಇಡಬೇಕು, ಭಾರತದವರು 2022ರ ನವೆಂಬರ್‌ನಿಂದ ತಮ್ಮ ಅಂಕಪಟ್ಟಿ, ಪದವಿಪತ್ರಗಳು ನಿಜವೆಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ಬ್ರಿಟನ್ನಿನ ವೀಸಾಕ್ಕೆ ಬೇಕಾದ ಮೊತ್ತ 28 ದಿನ ಸತತವಾಗಿ ಖಾತೆಯಲ್ಲಿರಬೇಕು, ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಅದರ ಮೇಲೆ ಆರೋಗ್ಯ ಶುಲ್ಕವೆಂದು ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಅಮೆರಿಕದ ವೀಸಾಕ್ಕಾಗಿ ಶಾಲೆ ಕೊಡುವ ಐ-20 ಪತ್ರದಲ್ಲಿ ಕಾಣುವುದು ಒಂದು ವರ್ಷದ ಅಂದಾಜು ಮಾತ್ರ. ಶಿಷ್ಯವೇತನ ಕೊಟ್ಟಿದ್ದರೆ ಅದು ಪ್ರತಿ ವರ್ಷ ತಾನಾಗಿ ಮುಂದುವರಿಯುತ್ತದೆಯೇ, ಶುಲ್ಕ ಹೆಚ್ಚಿದಾಗ ಅದೂ ಹೆಚ್ಚುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಬಣ್ಣ, ಕ್ಯಾನ್ವಾಸ್, ಮುದ್ರಣ, ಕೊನೆಯ ಪ್ರದರ್ಶನದ ಚೌಕಟ್ಟುಗಳ ಖರ್ಚು ಯಾವ ಪತ್ರದಲ್ಲೂ ಸರಿಯಾಗಿ ಇರುವುದಿಲ್ಲ, ಅದನ್ನು ಹಿರಿಯ ವಿದ್ಯಾರ್ಥಿಗಳಿಂದಲೇ ತಿಳಿಯಬೇಕು.

ಶಿಷ್ಯವೇತನಗಳಲ್ಲಿ ಕಲೆಯ ವಿದ್ಯಾರ್ಥಿಗಳಿಗೆ ನಿಜವಾಗಿ ಒದಗುವಂಥವು ಕೆಲವಿವೆ. ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ ಒಂದು ಲಕ್ಷ ಡಾಲರ್‌ವರೆಗೆ ಕೊಡುತ್ತದೆ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆಯಾದ ಡಿಎಎಡಿಯಲ್ಲಿ ಚಿತ್ರ, ವಿನ್ಯಾಸ, ಚಲನಚಿತ್ರಗಳಿಗೆಂದೇ ಪ್ರತ್ಯೇಕ ಶಿಷ್ಯವೇತನವಿದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಶಿಷ್ಯವೇತನ ಒಂದು ವರ್ಷದ ಸ್ನಾತಕೋತ್ತರ ಓದಿಗೆ, ಎರಡು ವರ್ಷ ಕೆಲಸದ ಅನುಭವವಿದ್ದವರಿಗೆ. 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ನಿಧಿ ಕೊಡುವುದು ಸಾಲದ ರೂಪದ ನೆರವು.

ಓದಿನ ನಂತರ ಅಲ್ಲೇ ಉಳಿದು ಕೆಲಸ ಮಾಡುವ ಅವಕಾಶವನ್ನೂ ಲೆಕ್ಕಕ್ಕೆ ಸೇರಿಸಿ. ಅಮೆರಿಕದಲ್ಲಿ ಒಪಿಟಿ ಎಂಬ ಹನ್ನೆರಡು ತಿಂಗಳ ಅವಕಾಶವಿದೆ. ವಿಜ್ಞಾನ ತಂತ್ರಜ್ಞಾನದ ಪಟ್ಟಿಗೆ ಸೇರಿದ ಕೋರ್ಸುಗಳಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಚಿತ್ರಕಲೆ, ಶಿಲ್ಪ ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ, ಕೆಲವು ಡಿಜಿಟಲ್ ಮಾಧ್ಯಮದ ಕೋರ್ಸುಗಳಿವೆ. ಬ್ರಿಟನ್ನಿನಲ್ಲಿ ಎರಡು ವರ್ಷವಿದ್ದ ಅವಧಿ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಕೊರಿಯಾದ ಯುವಕರಿಗೆ ಇದರ ಜೊತೆಗೆ ಕಡ್ಡಾಯ ಸೇನಾಸೇವೆಯ ಕಾಲವನ್ನೂ ಹೊಂದಿಸಿಕೊಳ್ಳಬೇಕಾದ ಕಷ್ಟವಿದೆ. ಯಾವ ವಯಸ್ಸಿಗೆ ಹೊರಡಬೇಕು, ನಡುವೆ ಓದು ನಿಲ್ಲಿಸಿದರೆ ಶಾಲೆ ಸ್ಥಾನ ಕಾಯ್ದಿಡುತ್ತದೆಯೇ ಎಂದು ಅವರು ಮೊದಲೇ ಕೇಳಿಕೊಳ್ಳುತ್ತಾರೆ. ಪ್ರವೇಶವನ್ನು ಒಂದು ವರ್ಷ ಮುಂದೂಡಬಹುದೇ, ಮುಂದೂಡಿದರೆ ಶಿಷ್ಯವೇತನ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ನಾವೂ ಅವರಂತೆಯೇ ಮೊದಲೇ ಕೇಳುವುದು ಕ್ಷೇಮ.

ಕೊನೆಯ ತಿಂಗಳು

ಅಮೆರಿಕದ ಮೊದಲ ಪದವಿಗೆ ಒಪ್ಪಿಗೆ ತಿಳಿಸುವ ವಾಡಿಕೆಯ ದಿನ ಮೇ 1. ನೆರವಿನೊಂದಿಗೆ ಬಂದ ಸ್ನಾತಕೋತ್ತರ ಪ್ರವೇಶಕ್ಕೆ ಅನೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಕಾಯುತ್ತವೆ. ಒಂದು ಶಾಲೆ ಹೆಚ್ಚು ನೆರವು ಕೊಟ್ಟಿದ್ದರೆ ಆ ಪತ್ರವನ್ನು ಇನ್ನೊಂದಕ್ಕೆ ಕಳುಹಿಸಿ, ನಿಮ್ಮ ಶಾಲೆಗೇ ಬರಲು ಇಷ್ಟ, ಇಷ್ಟು ಹಣದ ಕೊರತೆಯಿದೆ ಎಂದು ವಿನಯದಿಂದ ಬರೆಯುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಮೈಸೂರಿನವರಾದ ನಮಗೆ ಕೇಳುವುದೇ ಕಷ್ಟ, ಆದರೆ ಇದು ಅಲ್ಲಿ ಎಲ್ಲರೂ ಮಾಡುವ ಕೆಲಸ. ಏಜೆಂಟರ ಮಾತನ್ನು ಮಾತ್ರ ಜಾಗರೂಕತೆಯಿಂದ ಕೇಳಿ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಅನೇಕ ವಿದೇಶಿ ಶಾಲೆಗಳು ಅವರಿಗೆ ಕಮಿಷನ್ ಕೊಡುತ್ತವೆ. ನನ್ನ ಒಬ್ಬ ವಿದ್ಯಾರ್ಥಿಗೆ ಶಿಲ್ಪ ಕಲಿಯುವ ಆಸೆಯಿತ್ತು. ಏಜೆಂಟರೊಬ್ಬರು ಕಲಾ ನಿರ್ವಹಣೆಯ ಕೋರ್ಸಿಗೆ ಸೇರಿಸಿದರು. ಅಲ್ಲಿಗೆ ಹೋದ ಮೇಲಷ್ಟೇ ಅವನಿಗೆ ತನ್ನ ವಿಭಾಗದಲ್ಲಿ ಒಂದು ಉಳಿಯೂ ಇಲ್ಲವೆಂದು ತಿಳಿಯಿತು. ಡೆಪಾಸಿಟ್ ಕಟ್ಟುವ ಮೊದಲು ಕೋರ್ಸಿನ ಪೂರ್ಣ ಹೆಸರನ್ನೂ ಪ್ರತಿ ಟರ್ಮ್‌ನ ವಿಷಯಗಳನ್ನೂ ನೀವೇ ಓದಿ.

ಸರಸ್ವತಿಪುರಂನ ಹುಡುಗಿ ಹತ್ತು ದಿನ ಯೋಚಿಸಿ ಜರ್ಮನಿಯನ್ನು ಆರಿಸಿಕೊಂಡಳು. ಊಟದ ಹೊತ್ತಿನಲ್ಲೂ ಕೆಲಸದ ಮಾತಾಡುವ ಪ್ರಾಧ್ಯಾಪಕರು ಅಲ್ಲಿದ್ದರು, ಮನೆಯನ್ನು ಅಡವಿಡಬೇಕಾಗಿರಲಿಲ್ಲ, ಭಾಷೆಯ ತರಗತಿಗೆ ಅವಳು ಆಗಲೇ ಆರು ತಿಂಗಳಿಂದ ಹೋಗುತ್ತಿದ್ದಳು. ತಂದೆಗೆ ಲಂಡನ್ನಿನ ಹೆಸರು ಕೈಬಿಟ್ಟಿದ್ದರ ಬೇಸರ ಸ್ವಲ್ಪ ಉಳಿಯಿತು. ನಿರ್ಧಾರವಾದ ರಾತ್ರಿಯೇ ಅವಳಿಂದ ಉಳಿದೆರಡು ಶಾಲೆಗಳಿಗೆ ಎರಡೆರಡು ಸಾಲಿನ ಮೇಲ್ ಬರೆಸಿದೆ. ನೀವೂ ಹಾಗೆಯೇ ಮಾಡಿ. ಬೇಡವೆಂದು ತಿಳಿಸುವುದನ್ನು ಮರೆತರೆ, ಕಾಯುವ ಪಟ್ಟಿಯಲ್ಲಿ ಸಿಯೋಲ್‌ನಲ್ಲೋ ಸೂರತ್‌ನಲ್ಲೋ ಫೋನ್ ಹಿಡಿದು ಕೂತಿರುವ ಇನ್ನೊಬ್ಬರಿಗೆ ಆ ಜಾಗ ಸಿಗುವುದು ತಡವಾಗುತ್ತದೆ.